ಪರದೆ ಆರಿದರೆ ಹಾಡೂ ನಿಲ್ಲುವುದೇಕೆ?

ಪ್ರಶ್ನೆ: ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡ ದೇವರನಾಮಗಳನ್ನು ಬೆಳಗ್ಗೆ ಅಡುಗೆ ಮಾಡುತ್ತ ಆಂಡ್ರಾಯ್ಡ್ ಫೋನಿನಲ್ಲಿ ಕೇಳುವುದು ನನ್ನ ರೂಢಿ. ಪರದೆ ಆರಿದ ಹತ್ತು ನಿಮಿಷದೊಳಗೆ ಹಾಡು ತಾನಾಗಿ ನಿಂತುಹೋಗುತ್ತದೆ. ಯೂಟ್ಯೂಬಿನಲ್ಲಾದರೆ ಪರದೆ ಆರಿದ ಕೂಡಲೇ ನಿಲ್ಲುತ್ತದೆ. ಫೋನ್ ಕೆಟ್ಟಿದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಫೋನ್ ಕೆಟ್ಟಿರುವಂತೆ ಕಾಣುವುದಿಲ್ಲ; ಈ ಎರಡು ನಿಲುಗಡೆಗಳ ಕಾರಣಗಳೇ ಬೇರೆ ಬೇರೆ. ಯೂಟ್ಯೂಬಿನದು ಕಂಪನಿಯ ನಿಯಮ. ಪರದೆ ಆರಿದ ಮೇಲೂ ಕೇಳುವ ಸೌಲಭ್ಯವನ್ನು ಅದು ಸಾಮಾನ್ಯವಾಗಿ ಹಣ ಕೊಡುವ ಪ್ರೀಮಿಯಂ ಚಂದಾದಾರರಿಗೆ ಮೀಸಲಿಟ್ಟಿದೆ.

ದೇವರನಾಮದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಣ್ಣಿಗೆ ಕಾಣದೆ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳು ಬ್ಯಾಟರಿ ತಿನ್ನುತ್ತವೆ ಎಂಬ ಕಾರಣಕ್ಕೆ ಆಂಡ್ರಾಯ್ಡ್ ಅವುಗಳ ಮೇಲಿನ ಹಿಡಿತವನ್ನು ವರ್ಷದಿಂದ ವರ್ಷಕ್ಕೆ ಬಿಗಿ ಮಾಡುತ್ತ ಬಂದಿದೆ. 2015ರ ಆಂಡ್ರಾಯ್ಡ್ 6ರಲ್ಲಿ, ಅಲುಗಾಡದೆ ಬಿದ್ದಿರುವ ಫೋನನ್ನು ನಿದ್ದೆಗೆ ಕಳಿಸುವ ‘ಡೋಜ್’ ವ್ಯವಸ್ಥೆ ಬಂದಿತು. 2017ರ ಆಂಡ್ರಾಯ್ಡ್ 8ರಿಂದೀಚೆಗೆ, ಹಿನ್ನೆಲೆಯಲ್ಲಿ ಕೆಲಸ ಮುಂದುವರಿಸಬೇಕೆನ್ನುವ ಆ್ಯಪ್ ಅದನ್ನು ಬಳಕೆದಾರರ ಕಣ್ಣಿಗೆ ಬೀಳುವಂತೆ ನೋಟಿಫಿಕೇಶನ್ ಹಾಕಿಯೇ ಮಾಡಬೇಕು. ಹೀಗೆ ನಡೆಯುವ ಕೆಲಸಕ್ಕೆ ‘ಫೋರ್‌ಗ್ರೌಂಡ್ ಸರ್ವಿಸ್’ ಎಂದು ಹೆಸರು. 2023ರ ಆಂಡ್ರಾಯ್ಡ್ 14ಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಂತೂ ತಮ್ಮ ಕೆಲಸ ಯಾವ ಬಗೆಯದೆಂದು, ಎಂದರೆ ಇಲ್ಲಿ ಹಾಡು ನುಡಿಸುವುದೆಂದು, ಮೊದಲೇ ಘೋಷಿಸಿರಬೇಕು. ಐಫೋನಿನಲ್ಲಿಯೂ 2010ರ ಐಒಎಸ್ 4ರಿಂದ ಇಂಥದೇ ಘೋಷಣೆಯ ಪದ್ಧತಿಯಿದೆ.

ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡಿ. ಹಾಡು ಹಚ್ಚಿ, ಹೋಮ್ ಬಟನ್ ಒತ್ತಿ, ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಹಾಡಿನ ಹೆಸರೂ ನಿಲ್ಲಿಸುವ ಗುಂಡಿಯೂ ಅಲ್ಲಿ ಕಾಣದಿದ್ದರೆ ತಪ್ಪು ಬಹುಮಟ್ಟಿಗೆ ಆ್ಯಪ್‌ನದೇ. ಅದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ಬೇರೆಯದನ್ನು ಹಾಕಿಕೊಳ್ಳಿ. ಅವು ಕಾಣುತ್ತಿದ್ದೂ ಹಾಡು ನಿಲ್ಲುತ್ತದೆಯಾದರೆ, ಆಂಡ್ರಾಯ್ಡಿನ ನಿಯಮಗಳ ಮೇಲೆ ಫೋನ್ ತಯಾರಕರು ತಮ್ಮದೇ ಲೆಕ್ಕದಲ್ಲಿ ಸೇರಿಸುವ ಬ್ಯಾಟರಿ ಉಳಿತಾಯದ ವ್ಯವಸ್ಥೆಯನ್ನು ಅನುಮಾನಿಸಬೇಕು. ನಿಯಮ ಪಾಲಿಸಿದ ಆ್ಯಪನ್ನೂ ಹೀಗೆ ಕತ್ತು ಹಿಸುಕುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ನಿಮ್ಮ ಹಾಡಿನ ಆ್ಯಪನ್ನು ಆರಿಸಿ, ‘ಬ್ಯಾಟರಿ’ ಎಂಬಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಎಂದು ಬದಲಿಸಿ. ಕೆಲವು ಫೋನುಗಳಲ್ಲಿ ಈ ಹೆಸರು ತುಸು ಬೇರೆ ಇರುತ್ತದೆ. ಇದೊಂದು ಆ್ಯಪ್‌ಗೆ ಮಾತ್ರ ಹೀಗೆ ಮಾಡಿ, ಎಲ್ಲಕ್ಕೂ ಬೇಡ. ಫೋನನ್ನು ‘ಶುಚಿ’ ಮಾಡುತ್ತೇವೆನ್ನುವ ಆ್ಯಪ್ ಹಾಕಿಸಿಕೊಂಡಿದ್ದರೆ ದಯವಿಟ್ಟು ತೆಗೆದುಬಿಡಿ, ಏಕೆಂದರೆ ಹಿನ್ನೆಲೆಯ ಕೆಲಸಗಳನ್ನು ನಿಲ್ಲಿಸುವುದೇ ಅವುಗಳ ಕಸುಬು.

ಕರೆ ಬಂದಾಗ ಹಾಡು ತಡೆದು ನಿಂತರೆ, ಇಲ್ಲವೇ ಇಯರ್‌ಫೋನ್ ಕಿತ್ತೊಡನೆ ನಿಂತರೆ, ಅದು ದೋಷವಲ್ಲ. ಒಳ್ಳೆಯ ಆ್ಯಪ್ ಹಾಗೆಯೇ ನಡೆದುಕೊಳ್ಳಬೇಕು.

ಇಷ್ಟಾದ ಮೇಲೂ ದಿನವೂ ಸರಿಯಾಗಿ ಅಷ್ಟೇ ನಿಮಿಷಕ್ಕೆ ಹಾಡು ನಿಲ್ಲುತ್ತಿದ್ದರೆ, ಆ್ಯಪ್‌ನೊಳಗಿನ ‘ಸ್ಲೀಪ್ ಟೈಮರ್’ ಅನ್ನು ಮನೆಯಲ್ಲಿ ಯಾರಾದರೂ ಹತ್ತು ನಿಮಿಷಕ್ಕೆ ಇಟ್ಟಿರಬಹುದೇ ಎಂದು ಒಮ್ಮೆ ನೋಡಿ.