‘ನಾನು ಬೇಡ ಅಂದಿಲ್ಲವಲ್ಲ’

ನಲವತ್ತರ ಆಸುಪಾಸಿನ ಶಿಕ್ಷಕಿ. ಮನೆ ಹಾಸನದಲ್ಲಿ, ಶಾಲೆ ಆಲೂರು ಕಡೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಗಂಡ, ಅತ್ತೆ, ಹೈಸ್ಕೂಲಿನ ಮಗಳು, ಪ್ರೈಮರಿ ಓದುವ ಮಗ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಒಂದಿಷ್ಟು ವಿವರ ಬದಲಿಸಿದ್ದೇನೆ.

ವ್ಯಾಯಾಮದ ಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದ್ದು ಅವರ ಡಾಕ್ಟರು. ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, ಶೇಕಡಾ 6.1 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಶುಗರ್ ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಎಂದರ್ಥ. ಅವರ ತಾಯಿಗೂ ಶುಗರ್ ಇತ್ತು. ಹಾಗಾಗಿ ಭಯ ಜಾಸ್ತಿ. ದಿನಾ ವಾಕ್ ಮಾಡಿ ಅಂತ ಡಾಕ್ಟರು ಎರಡು ಸಲ ಹೇಳಿದ್ದರು. ಎರಡು ಸಲವೂ ಆಗಿರಲಿಲ್ಲ.

‘ನಾನು ಸೋಮಾರಿ ಮೇಡಂ. ಮನಸ್ಸೇ ಇಲ್ಲ ನನಗೆ’ ಎಂದರು. ಸಾಲಗಾಮೆ ರಸ್ತೆಯ ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಎರಡನೇ ತಿಂಗಳಿಗೇ ಬಿಟ್ಟಿದ್ದರು. ಯೂಟ್ಯೂಬ್ ನೋಡಿ ಯೋಗ ಶುರುಮಾಡಿ ಅದನ್ನೂ ನಿಲ್ಲಿಸಿದ್ದರು. ಮನೆಯಲ್ಲಿ ಎಲ್ಲರೂ ‘ಮನಸ್ಸಿದ್ದರೆ ಮಾರ್ಗ’ ಅಂತಾರಂತೆ. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಊಟದ ಡಬ್ಬಿ ಕಟ್ಟುವ ಹೆಂಗಸಿಗೆ ಈ ಗಾದೆ ಹೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಸಲಹೆ ಕೊಡುವ ಮೊದಲು ಒಂದು ಕೆಲಸ ಹೇಳಿದೆ. ಒಂದು ವಾರ ಬೆಳಿಗ್ಗೆ ಐದರಿಂದ ಎಂಟರವರೆಗೆ ಏನೇನು ಮಾಡುತ್ತೀರೋ ಬರೆಯಿರಿ. ಪಕ್ಕದಲ್ಲಿ, ಆ ಹೊತ್ತಿಗೆ ಮನೆಯ ಉಳಿದವರು ಏನು ಮಾಡುತ್ತಿದ್ದರು ಅನ್ನುವುದನ್ನೂ ಬರೆಯಿರಿ.

ಎರಡನೇ ಕಾಲಮ್ಮೇ ಮುಖ್ಯವಾಯಿತು. ಅವರದು: ನಲ್ಲಿ ನೀರು ಹಿಡಿಯುವುದು, ರೊಟ್ಟಿ, ಚಟ್ನಿ, ಅತ್ತೆಯ ಮಾತ್ರೆ, ಮಗನ ಯೂನಿಫಾರಂ, ಎಂಟೂಕಾಲಿನ ಬಸ್ಸು. ಗಂಡನದು: ಆರರಿಂದ ಏಳು, ಮಹಾರಾಜ ಪಾರ್ಕಿನಲ್ಲಿ ವಾಕಿಂಗ್. ದಿನಾ. ಎಷ್ಟೋ ವರ್ಷದಿಂದ ತಪ್ಪಿಸಿಲ್ಲ. ಆಫೀಸು ಊರಲ್ಲೇ, ಹೊರಡುವುದು ಒಂಬತ್ತೂ ಮುಕ್ಕಾಲಿಗೆ.

ಅವರು ತಮ್ಮ ಹಾಳೆಯನ್ನೇ ಸುಮ್ನೆ ನೋಡುತ್ತಾ ಕೂತರು. ಗಂಡನ ಮೇಲೆ ಸಿಟ್ಟೇನೂ ಇರಲಿಲ್ಲ. ಇದು ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ, ಅಷ್ಟೆ.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. ಹೆಂಡತಿಯ ಆರೋಗ್ಯದ ಬಗ್ಗೆ ನಿಜವಾದ ಕಾಳಜಿ ಇತ್ತು. ‘ಹೋಗು ಅಂತ ನಾನೇ ಹೇಳ್ತೀನಿ. ನಾನು ಬೇಡ ಅಂದಿಲ್ಲವಲ್ಲ’ ಎಂದರು. ಆಗ ಕೇಳಿದೆ: ‘ಅವರು ಹೋದ ಹೊತ್ತಿನಲ್ಲಿ ಒಲೆ ಮುಂದೆ ಯಾರು ನಿಲ್ಲಬೇಕು?’ ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಬೇಡ ಅನ್ನದೇ ಇದ್ದರೆ ಸಾಕು ಅಂದುಕೊಂಡ ಗಂಡಂದಿರನ್ನು ನಾನು ತುಂಬ ನೋಡಿದ್ದೇನೆ. ಈ ಗಂಡಂದಿರ ವಾಕಿಂಗ್ ನಡೆಯುವುದು ಯಾರದೋ ಒಪ್ಪಿಗೆಯಿಂದಲ್ಲ. ಆ ಹೊತ್ತಿನ ಕೆಲಸವನ್ನು ಇನ್ನೊಬ್ಬರು ಮಾಡುತ್ತಿರುತ್ತಾರೆ.

ಆ ದಿನ ನಾವು ಮಾಡಿದ್ದು ವ್ಯಾಯಾಮದ ಪಟ್ಟಿಯಲ್ಲ, ಮನೆಗೆಲಸದ ಹಂಚಿಕೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂಕಾಲರಿಂದ ಏಳಕ್ಕೆ ಐದು ನಿಮಿಷ ಇರುವವರೆಗೆ ಆಕೆಗೆ. ಆ ದಿನಗಳಲ್ಲಿ ಡಬ್ಬಿ, ಮಾತ್ರೆ, ಯೂನಿಫಾರಂ ಗಂಡನ ಪಾಲು. ಬೇಕಿದ್ದರೆ ಅವರು ಸಂಜೆ ನಡೆಯಲಿ. ಒಂದು ಷರತ್ತು ಹಾಕಿದೆ: ‘ಉಪ್ಪಿನ ಡಬ್ಬ ಎಲ್ಲಿ’ ಅಂತ ಫೋನ್ ಮಾಡುವಂತಿಲ್ಲ. ಅವರು ನಕ್ಕರು. ಆಕೆ ನಗಲಿಲ್ಲ.

ಆರೂಕಾಲು ಯಾಕೆ ಅಂದರೆ, ಅದಕ್ಕಿಂತ ಮುಂಚೆ ಕತ್ತಲು. ಚಳಿಗಾಲದಲ್ಲಿ ಹಾಸನದ ಮಂಜಿನೊಳಗೆ, ಬೀದಿ ನಾಯಿಗಳ ನಡುವೆ ಹೆಂಗಸು ಒಬ್ಬಳೇ ನಡೆಯುವುದು ಕಷ್ಟ. ಪುಸ್ತಕದ ಸಲಹೆಗಳಲ್ಲಿ ಈ ನಾಯಿಗಳು ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಹೇಳುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಹಿಂದೆ ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿದ್ದರು. ಈಗ ಆ ನಿಯಮವಿಲ್ಲ, ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಒಂದು ಗಂಟೆ ಸಿಗದಿದ್ದರೆ ಆ ದಿನವೇ ವ್ಯರ್ಥ ಅಂತ ಇಷ್ಟು ದಿನ ಅಂದುಕೊಂಡಿದ್ದರು.

ಬಸ್ ಇಳಿದ ಮೇಲೆ ಶಾಲೆಗೆ ಒಂದು ಕಿಲೋಮೀಟರು ಚಿಲ್ಲರೆ ದಾರಿ. ಸಹೋದ್ಯೋಗಿಯ ಸ್ಕೂಟರ್ ಹತ್ತುತ್ತಿದ್ದರು. ಬೆಳಿಗ್ಗೆ ಅದನ್ನು ಬಿಡಿ, ಬಿರುಸಾಗಿ ನಡೆಯಿರಿ ಎಂದೆ. ದಿನಕ್ಕೆ ಸುಮಾರು ಹದಿನೈದು ನಿಮಿಷ. ಮೂರು ಬೆಳಗಿನ ನಡಿಗೆಯ ಜೊತೆ ಇದು ಸೇರಿದರೆ 150 ಸಲೀಸಾಗಿ ದಾಟುತ್ತದೆ. ರಾತ್ರಿ ಊಟದ ನಂತರ ಹತ್ತು ನಿಮಿಷ ಮಗಳ ಜೊತೆ ತಾರಸಿ ಮೇಲೆ ಓಡಾಡಿ ಅಂತಲೂ ಹೇಳಿದೆ. ಉಂಡ ಮೇಲೆ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದು ಅಷ್ಟು ಏರುವುದಿಲ್ಲ.

ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿಮಾಡುವ ಕೆಲಸವೂ ಬೇಕು. ಸ್ಟಾಫ್ ರೂಮಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಅದಕ್ಕೆ ಡ್ರೆಸ್ಸೂ ಬೇಡ, ಜಿಮ್ಮೂ ಬೇಡ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ ಎಂದೂ ತಿಳಿಸಿದೆ.

ಅತ್ತೆಯ ವಾದ ಬೇರೆ ಇತ್ತು: ‘ಮನೆಗೆಲಸವೇ ವ್ಯಾಯಾಮ ಅಲ್ವಾ?’ ಅರ್ಧ ನಿಜ. ಬಟ್ಟೆ ಒಗೆದು ಹಿಂಡಿದರೆ, ನೆಲ ಉಜ್ಜಿದರೆ ಉಸಿರು ಏರುತ್ತದೆ. ಆದರೆ ಒಲೆ ಮುಂದೆ ಎರಡು ಗಂಟೆ ನಿಂತರೆ ಸುಸ್ತಾಗುತ್ತದೆಯೇ ಹೊರತು ಉಸಿರು ಏರುವುದಿಲ್ಲ. ಸುಸ್ತು ಬೇರೆ, ವ್ಯಾಯಾಮ ಬೇರೆ.

ತಪ್ಪಿದ ದಿನಗಳಿಗೆ ಒಂದೇ ನಿಯಮ ಕೊಟ್ಟೆ: ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು ಹೇಳುತ್ತಾರೆ, ಯಾಕೆಂದರೆ ಒಂದು ಸಲದ ವ್ಯಾಯಾಮದ ಪರಿಣಾಮ ಒಂದೆರಡು ದಿನ ಮಾತ್ರ ನಿಲ್ಲುತ್ತದೆ. ಬಿಟ್ಟದ್ದನ್ನು ಭಾನುವಾರ ಬಡ್ಡಿ ಸಮೇತ ತೀರಿಸಲು ಹೋಗಬೇಡಿ ಎಂದೆ. ಮಂಡಿ ನೋಯಿಸಿಕೊಳ್ಳುವುದು ಹೀಗೆಯೇ.

ಆಮೇಲೆ ಏನಾಯಿತು? ಸೋಮವಾರ, ಶುಕ್ರವಾರ ನಿಂತವು. ಬುಧವಾರ ಆಗಾಗ ಕೈಕೊಟ್ಟಿತು. ಗಂಡ ಮೊದಲ ವಾರ ಡಬ್ಬಿಗೆ ಬ್ರೆಡ್ಡು ಹಾಕಿ ಕಳಿಸಿದರು, ಮಗ ಖುಷಿಪಟ್ಟ, ಅತ್ತೆ ಗೊಣಗಿದರು. ‘ನೀವು ವಾಪಸ್ ಬಂದು ಮತ್ತೆ ರೊಟ್ಟಿ ತಟ್ಟಿದರೆ ಇಡೀ ಒಪ್ಪಂದ ಮುರಿದಂತೆ’ ಎಂದು ಆಕೆಗೆ ಖಡಾಖಂಡಿತವಾಗಿ ಹೇಳಬೇಕಾಯಿತು. ಅವರಿಗೆ ನಡಿಗೆಗಿಂತ ಇದೇ ಕಷ್ಟವಾಯಿತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ 5.9 ಬಂತು. ಕಾಫಿಗೆ ಸಕ್ಕರೆಯನ್ನೂ ಬಿಟ್ಟಿದ್ದರು, ಹಾಗಾಗಿ ಎಲ್ಲವೂ ವಾಕಿಂಗಿನ ಮಹಿಮೆ ಅನ್ನಲಾರೆ.

ಈಗಿನ ಚಿಂತೆ ಎಸ್‌ಎಸ್‌ಎಲ್‌ಸಿಯ ವಿಶೇಷ ತರಗತಿ. ಪರೀಕ್ಷೆ ಹತ್ತಿರವಾದಂತೆ ಏಳೂವರೆಯ ಬಸ್ಸನ್ನೇ ಹಿಡಿಯಬೇಕು, ಬೆಳಗಿನ ನಡಿಗೆ ಆಗದು. ಆ ತಿಂಗಳುಗಳಿಗೆ ಶಾಲೆಯ ದಾರಿ, ರಾತ್ರಿಯ ತಾರಸಿ, ಭಾನುವಾರದ ಪಾರ್ಕು, ಇಷ್ಟೇ ಸಾಕು ಅಂತ ಈಗಲೇ ಬರೆದಿಟ್ಟಿದ್ದೇವೆ. ಭಾನುವಾರ ಬೆಳಗಿನ ತಿಂಡಿ ಯಾರದು ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಭೇಟಿಗೆ ಅತ್ತೆಯನ್ನೂ ಕರೆದಿದ್ದೇನೆ.