ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಡಿಗೆ ಹೊರಡುವ ಮುನ್ನ

ಪ್ರಶ್ನೆ: ನಾನು ಅರಣ್ಯ ಮಹಾವಿದ್ಯಾಲಯವೊಂದರಲ್ಲಿ ಸಹಾಯಕ ಪ್ರಾಧ್ಯಾಪಕ. ಈ ವರ್ಷ ಸುರಕ್ಷತಾ ಸಮಿತಿಯ ಸಂಚಾಲಕನ ಹೊಣೆ ನನ್ನ ಪಾಲಿಗೆ ಬಂದಿದೆ. ಫಲಕಗಳನ್ನು ಹಾಕಿಸಿದ್ದಾಯಿತು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಕೊಂಡದ್ದಾಯಿತು. ಆದರೆ ಹಿರಿಯರು, "ಇಪ್ಪತ್ತು ವರ್ಷಗಳಿಂದ ಕಾಡು ಸುತ್ತಿದ್ದೇವೆ, ಏನಾಗಿದೆ?" ಎಂದು ನಗುತ್ತಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೊದಲು ಆ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸಿ. ನಾನು ಕಂಡ ಒಂದು ಸಂಸ್ಥೆಯಲ್ಲಿ ಅದು ಕಚೇರಿ ಅಧೀಕ್ಷಕರ ಮೇಜಿನ ಖಾನೆಯಲ್ಲಿತ್ತು, ಅಧೀಕ್ಷಕರು ರಜೆಯಲ್ಲಿದ್ದರು. ಪೆಟ್ಟಿಗೆ ಇರಬೇಕಾದದ್ದು ಗೋಡೆಯ ಮೇಲಲ್ಲ, ಜೀಪಿನಲ್ಲಿ.

ಆಮೇಲೆ ನೂರು ಪುಟದ ಒಂದು ನೋಟುಪುಸ್ತಕ ಸಾಕು. ಕಾಡಿಗೆ ಹೊರಡುವವರೆಲ್ಲರ ಹೆಸರು, ಹೋಗುವ ಜಾಗ, ದಾರಿ, ಮರಳುವ ಹೊತ್ತು ಇಷ್ಟನ್ನೂ ಅದರಲ್ಲಿ ಬರೆಯಿರಿ. ದಿನಗೂಲಿಯ ಸಹಾಯಕರು ಮತ್ತು ಚಾಲಕರ ಹೆಸರುಗಳನ್ನು ಬಿಡಬೇಡಿ, ಏಕೆಂದರೆ ಪೊದೆ ಸವರಿ ಮುಂದೆ ನಡೆಯುವವರು ಅವರೇ, ಹಾಜರಾತಿಯಲ್ಲಿ ಇಲ್ಲದವರೂ ಅವರೇ. ಕಾಲೇಜಿನಲ್ಲಿ ಉಳಿಯುವ ಒಬ್ಬರಿಗೆ ಗಡಿಯಾರ ನೋಡುವ ಕೆಲಸವನ್ನು ಒಪ್ಪಿಸಿ. ಹೇಳಿದ ಹೊತ್ತು ಮೀರಿ ಅರ್ಧ ಗಂಟೆಯಾದರೂ ಸುದ್ದಿಯಿಲ್ಲದಿದ್ದರೆ ವಲಯ ಅರಣ್ಯಾಧಿಕಾರಿಗೆ ಕರೆ ಮಾಡುವುದು ಅವರ ಜವಾಬ್ದಾರಿ. ಮೊಬೈಲಿಗೆ ಸಿಗ್ನಲ್ಲೇ ಸಿಗದ ಘಟ್ಟದ ಕಣಿವೆಗಳಲ್ಲಿ ಈ ಪುಸ್ತಕವೇ ಆಧಾರ.

ಇನ್ನು ಪಾಠದೊಳಗಿನ ಮಾತು. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕೆಂದು ಎಲ್ಲರೂ ಕಲಿಸುತ್ತಾರೆ. ಟೇಪನ್ನು ಕಾಂಡದ ಸುತ್ತ ತರುವಾಗ ಒಂದು ಕೈ ಕಣ್ಣಿಗೆ ಕಾಣದ ಬದಿಗೆ ಹೋಗುತ್ತದೆಂಬುದನ್ನು ಕಲಿಸುವವರು ಕಡಿಮೆ. ಆ ಬದಿಯಲ್ಲಿ ಚಗಳಿ ಇರುವೆಯ ಗೂಡಿರಬಹುದು, ತೊಗಟೆಯ ಸಂದಿನಲ್ಲಿ ಚೇಳಿರಬಹುದು, ಅಥವಾ ಮರವೇ ಹೊಲಗೇರಾಗಿದ್ದು, ಗಾಯದಿಂದ ಒಸರಿ ಕಪ್ಪಾದ ಸೊನೆ ತಗುಲಿ ಮುಂಗೈ ತುಂಬ ಬೊಕ್ಕೆಗಳೇಳಬಹುದು. ಟೇಪು ಹಿಡಿಯುವ ಮುನ್ನ ಮರದ ಸುತ್ತ ಒಮ್ಮೆ ನಡೆದು ಬರುವುದಕ್ಕೆ ಖರ್ಚೇನೂ ಇಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅದಕ್ಕೆ ಒಂದೇ ಒಂದು ಅಂಕವನ್ನಿಟ್ಟು ನೋಡಿ, ಯಾವ ಫಲಕವೂ ಮಾಡದ ಕೆಲಸವನ್ನು ಆ ಅಂಕ ಮಾಡುತ್ತದೆ.

ಹಿರಿಯರೊಂದಿಗೆ ವಾದಕ್ಕಿಳಿಯಬೇಡಿ. ಹೆಸರು ಬರೆಯದ ಚೀಟಿಯಲ್ಲಿ, "ಸ್ವಲ್ಪದರಲ್ಲಿ ತಪ್ಪಿತು" ಎನ್ನಿಸಿದ ಒಂದು ಘಟನೆಯನ್ನು ಬರೆದುಕೊಡಲು ಕೇಳಿ. ಇಪ್ಪತ್ತು ವರ್ಷ ಕಾಡು ಸುತ್ತಿದವರ ಬಳಿ ಅಂಥವು ಧಾರಾಳವಾಗಿ ಇರುತ್ತವೆ. ಮಳೆಗಾಲದಲ್ಲಿ ಜಾರಿದ ಜೀಪು, ತಲೆಯ ಪಕ್ಕದಲ್ಲೇ ಮುರಿದುಬಿದ್ದ ಒಣಕೊಂಬೆ, ಯಾರದೋ ಬೀಡಿಯ ಹೊಗೆಗೆ ಎದ್ದ ಹೆಜ್ಜೇನು, ಹೀಗೆ. ಆ ಚೀಟಿಗಳೇ ನಿಮ್ಮ ಸಮಿತಿಯ ಮೊದಲ ಕಡತವಾಗಲಿ.

ಪ್ರಶ್ನೆ: ಮಗಳು ಬಿಎಸ್ಸಿ ಅರಣ್ಯಶಾಸ್ತ್ರದ ವಿದ್ಯಾರ್ಥಿನಿ. ಜನವರಿಯಲ್ಲಿ ಮಲೆನಾಡಿನ ಕಾಡಿನಲ್ಲಿ ಅವಳಿಗೆ ಕ್ಷೇತ್ರಕಾರ್ಯವಿದೆ. ನನಗೆ ಹಾವಿನ ಹೆದರಿಕೆ. ಏನೇನು ಕೊಟ್ಟು ಕಳುಹಿಸಲಿ?

ಉತ್ತರ: ಹಾವಿಗೆ ಹೆದರುವವರು ಉಣುಗನ್ನು ಮರೆಯುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ, ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಮಳೆ ನಿಂತು ಕಾಡಿನೊಳಗೆ ಓಡಾಡಲು ಅನುಕೂಲವಾಗುವ ತಿಂಗಳುಗಳೂ ಅವೇ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮೈಗೆ ಹಚ್ಚುವ ಕೀಟನಿವಾರಕ ಎಣ್ಣೆ ಇವು ಅಗತ್ಯ. ತಂಗುವಲ್ಲಿಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ವೈದ್ಯರು ಕೇಳುವವರೆಗೆ ಕಾಯದೆ, ಕಾಡಿಗೆ ಹೋಗಿದ್ದೆ ಎಂದು ತಾನಾಗಿಯೇ ಹೇಳಲಿ.

ಹಾವಿನ ವಿಷಯ. ನಮ್ಮಲ್ಲಿ ಸಿಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದು ತಯಾರಾದದ್ದು. ಪಶ್ಚಿಮ ಘಟ್ಟದ ತರಗೆಲೆಯಲ್ಲಿ ಬೆರೆತು ಮಲಗುವ, ಮೂತಿ ಮೇಲಕ್ಕೆದ್ದ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಈ ಹಾವು ಕಚ್ಚಿದವರಲ್ಲಿ ರಕ್ತ ಹೆಪ್ಪುಗಟ್ಟುವಿಕೆಯನ್ನೂ ಮೂತ್ರಪಿಂಡವನ್ನೂ ಗಮನಿಸುತ್ತಿರಬೇಕಾಗುತ್ತದೆ. ಆದ್ದರಿಂದ ತಂಡವು ಹೊರಡುವ ಮುನ್ನವೇ ಸಮೀಪದ ಯಾವ ಆಸ್ಪತ್ರೆಯಲ್ಲಿ ಈ ವ್ಯವಸ್ಥೆಯಿದೆ ಎಂದು ಫೋನು ಮಾಡಿ ತಿಳಿದುಕೊಂಡಿದೆಯೇ ಎಂದು ಅಧ್ಯಾಪಕರನ್ನು ಕೇಳಿ, ಸಂಕೋಚ ಬೇಡ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಉಂಗುರ, ಬಳೆ, ಬೂಟು ತೆಗೆದು, ಕೈಕಾಲು ಅಲುಗದಂತೆ ಆಧಾರ ಕೊಟ್ಟು, ನಡೆಸದೆ ಹೊತ್ತು ತರಬೇಕು. ಉದ್ದನೆಯ ಗಂಬೂಟು ಕೊಡಿಸಿ, ಅದು ಇಂಬಳಕ್ಕೂ ಆಗುತ್ತದೆ.

ಪ್ರಶ್ನೆ: ನಾನು ಕಾಲೇಜಿನ ಮರಗೆಲಸದ ಕಾರ್ಯಾಗಾರದ ಸಹಾಯಕ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಗರಗಸದ ಯಂತ್ರ ನಡೆಸುತ್ತೇನೆ. ಅದು ಸಾಲದೇ?

ಉತ್ತರ: ಸಾಲದು. ಮರದ ಸಣ್ಣ ಧೂಳು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಗುರುತಿಸಿದೆ, ಅದನ್ನು ಕರವಸ್ತ್ರ ತಡೆಯಲಾರದು. ಎನ್-95 ಮಾಸ್ಕು, ಕನ್ನಡಕ ಮತ್ತು ಯಂತ್ರದ ಬಳಿಯೇ ಧೂಳನ್ನು ಎಳೆದುಕೊಳ್ಳುವ ಪೈಪು ಬೇಕೆಂದು ಲಿಖಿತವಾಗಿ ಕೇಳಿ, ಪ್ರತಿಯನ್ನು ಇಟ್ಟುಕೊಳ್ಳಿ. ಒಣಪೊರಕೆಯಿಂದ ಗುಡಿಸಬೇಡಿ, ಕೂತ ಧೂಳು ಮತ್ತೆ ಎದ್ದು ಶ್ವಾಸಕ್ಕೆ ಸೇರುತ್ತದೆ. ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ: ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಂರಕ್ಷಕವನ್ನು ಕುಡಿಸಿದ ಮರದ ತುಂಡುಗಳನ್ನು ಹಾಸ್ಟೆಲಿನ ಹಂಡೆ ಒಲೆಗೆ ಕೊಡಬೇಡಿ. ಅದರ ಹೊಗೆಯೂ ವಿಷ, ಬೂದಿಯೂ ವಿಷ. ಆ ತುಂಡುಗಳಿಗೆ ಬೇರೆಯೇ ಡಬ್ಬಿಯಿಟ್ಟು, ಮೇಲೆ ಕೆಂಪು ಬಣ್ಣ ಬಳಿಯಿರಿ.