ಟೋನರ್ ಕಾರ್ಟ್ರಿಡ್ಜ್: ಹೊಸದೋ, ಮರುತಯಾರಿಸಿದ್ದೋ?

ಪ್ರಶ್ನೆ: ನಾನು ಚಿಕ್ಕದೊಂದು ಲೆಕ್ಕಪತ್ರ ಕಚೇರಿ ನಡೆಸುತ್ತಿದ್ದೇನೆ. ನಮ್ಮ ಕಪ್ಪು-ಬಿಳುಪು ಲೇಸರ್ ಪ್ರಿಂಟರಿಗೆ ಇಲ್ಲಿಯವರೆಗೆ ಕಂಪನಿಯ ಹೊಸ ಕಾರ್ಟ್ರಿಡ್ಜನ್ನೇ ಕೊಳ್ಳುತ್ತಿದ್ದೆವು. ಈಗ ರೀಮ್ಯಾನುಫ್ಯಾಕ್ಚರ್ಡ್ ಕಾರ್ಟ್ರಿಡ್ಜ್ ಅರ್ಧ ಬೆಲೆಗೆ ಸಿಗುತ್ತದೆಂದು ಮಾರಾಟಗಾರರು ಹೇಳುತ್ತಿದ್ದಾರೆ. ಹಿಂದೊಮ್ಮೆ ರೀಫಿಲ್ ಮಾಡಿಸಿದಾಗ ಪುಟದ ತುಂಬ ಬೂದು ಛಾಯೆ ಬಂದು, ಯಂತ್ರದೊಳಗೆಲ್ಲ ಟೋನರ್ ಪುಡಿ ಚೆಲ್ಲಿತ್ತು. ಆ ಭಯ ಇನ್ನೂ ಹೋಗಿಲ್ಲ. ಮರುತಯಾರಿಸಿದ್ದನ್ನು ನಂಬಬಹುದೇ?

ಉತ್ತರ: ನಂಬಬಹುದು, ಆದರೆ ನಿಮಗೆ ಕೊಡುತ್ತಿರುವುದು ನಿಜವಾಗಿಯೂ ಮರುತಯಾರಿಸಿದ ಕಾರ್ಟ್ರಿಡ್ಜ್ ಹೌದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಿಮಗೆ ಹಿಂದೆ ಕೆಟ್ಟ ಅನುಭವ ಕೊಟ್ಟದ್ದು ರೀಫಿಲ್. ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುವುದು ಬಹಳ ಸಾಮಾನ್ಯ, ಮತ್ತು ಗ್ರಾಹಕರಿಗೆ ಆಗುವ ನಷ್ಟದ ಮುಖ್ಯ ಕಾರಣವೂ ಅದೇ ಎಂದು ನನಗನ್ನಿಸುತ್ತದೆ.

ಅನೇಕ ಲೇಸರ್ ಪ್ರಿಂಟರುಗಳ ಕಾರ್ಟ್ರಿಡ್ಜ್ ಕೇವಲ ಪುಡಿಯ ಡಬ್ಬಿಯಲ್ಲ. ಬೆಳಕಿಗೆ ಸ್ಪಂದಿಸುವ ಲೇಪನವುಳ್ಳ ಡ್ರಮ್, ಅದಕ್ಕೆ ವಿದ್ಯುದಾವೇಶ ಕೊಡುವ ರೋಲರ್, ಪುಡಿಯನ್ನು ಡ್ರಮ್ಮಿಗೆ ಒಯ್ಯುವ ಇನ್ನೊಂದು ರೋಲರ್, ಕಾಗದಕ್ಕಿಳಿಯದೆ ಉಳಿದ ಪುಡಿಯನ್ನು ಕೆರೆದು ತೆಗೆಯುವ ವೈಪರ್ ಬ್ಲೇಡ್, ಹಾಗೆ ಕೆರೆದ ಪುಡಿ ತುಂಬಿಕೊಳ್ಳುವ ವೇಸ್ಟ್ ಕೋಣೆ, ಪುಟಗಳ ಲೆಕ್ಕ ಇಡುವ ಚಿಪ್, ಇವೆಲ್ಲ ಅದರೊಳಗೇ ಇರುತ್ತವೆ. ಪುಡಿ ಮುಗಿಯುವ ಹೊತ್ತಿಗೆ ಡ್ರಮ್ಮಿನ ಲೇಪನವೂ ಬ್ಲೇಡಿನ ಅಂಚೂ ಸವೆದಿರುತ್ತವೆ, ವೇಸ್ಟ್ ಕೋಣೆಯೂ ತುಂಬುತ್ತ ಬಂದಿರುತ್ತದೆ. ರೀಫಿಲ್ ಮಾಡುವವರು ಇದಾವುದನ್ನೂ ಮುಟ್ಟದೆ, ಕೆಲವೊಮ್ಮೆ ಡಬ್ಬಿಗೆ ತೂತು ಕೊರೆದು, ಹೊಸ ಪುಡಿಯನ್ನಷ್ಟೇ ಸುರಿಯುತ್ತಾರೆ. ಸವೆದ ಬ್ಲೇಡ್ ಡ್ರಮ್ಮನ್ನು ಸರಿಯಾಗಿ ಒರೆಸದಿದ್ದರೆ ಪುಟ ಮಾಸುತ್ತದೆ. ವೇಸ್ಟ್ ಕೋಣೆ ತುಂಬಿದರೆ ಪುಡಿ ಹೊರಕ್ಕೆ ಉದುರುತ್ತದೆ. ನಿಮ್ಮ ಯಂತ್ರದಲ್ಲಿ ಆದದ್ದು ಬಹುಮಟ್ಟಿಗೆ ಇದೇ ಇರಬೇಕು.

ಸರಿಯಾಗಿ ಮರುತಯಾರಿಸುವವರು ಖಾಲಿಯಾದ ಮೂಲ ಕಾರ್ಟ್ರಿಡ್ಜನ್ನು ಪೂರ್ತಿ ಬಿಚ್ಚಿ, ಹಳೆಯ ಪುಡಿಯನ್ನು ಹೊರತೆಗೆದು, ಡ್ರಮ್, ಬ್ಲೇಡ್, ಚಿಪ್ ಮೊದಲಾದವನ್ನು ಬದಲಾಯಿಸಿ, ಆ ಮಾದರಿಗೆ ಹೊಂದುವ ಪುಡಿಯನ್ನು ತೂಗಿ ತುಂಬಿ, ಮುದ್ರಿಸಿ ನೋಡಿದ ಮೇಲೆಯೇ ಸೀಲ್ ಮಾಡುತ್ತಾರೆ. ಆದ್ದರಿಂದ ಮಾರಾಟಗಾರರನ್ನು ಮೊದಲು ಕೇಳಬೇಕಾದದ್ದು ಡ್ರಮ್ ಹೊಸದೇ ಎಂಬುದನ್ನು. ಇದಕ್ಕೆ ನೇರ ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಪುಡಿಯ ಗುಣವನ್ನೂ ಹಗುರವಾಗಿ ಕಾಣುವಂತಿಲ್ಲ. ಟೋನರ್ ಎಂದರೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಿನ ಅತಿ ನಯವಾದ ಪುಡಿ; ಒಂದೊಂದು ಕಣವೂ ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್ ಗಾತ್ರದ್ದು. ಪ್ರಿಂಟರಿನಲ್ಲಿ ಕಾಗದವನ್ನು ಬಿಸಿಮಾಡಿ ಒತ್ತುವ ಭಾಗವಾದ ಫ್ಯೂಸರಿನ ಬಿಸಿಗೆ ಅದು ಕರಗಿ ಕಾಗದಕ್ಕೆ ಅಂಟಬೇಕು. ನಿಮ್ಮ ಪ್ರಿಂಟರಿನ ಫ್ಯೂಸರಿಗೆ ಹೊಂದದ ಪುಡಿಯಾದರೆ ಅಕ್ಷರಗಳು ಬೆರಳು ತಾಗಿದರೆ ಅಳಿಸಿಹೋಗುತ್ತವೆ, ಇಲ್ಲವೇ ಪುಡಿ ಫ್ಯೂಸರಿಗೇ ಅಂಟಿಕೊಳ್ಳುತ್ತದೆ. ಮರುತಯಾರಿಸಿದ ಕಾರ್ಟ್ರಿಡ್ಜಿನಿಂದ ಪ್ರಿಂಟರಿಗೆ ನಿಜವಾದ ಹಾನಿ ಆಗುವುದಿದ್ದರೆ ಅದು ಇಂಥ ಪುಡಿಯಿಂದ ಅಥವಾ ಸೋರಿಕೆಯಿಂದ.

ಇನ್ನು ಬೆಲೆ. ಪೆಟ್ಟಿಗೆಯ ಬೆಲೆಗಿಂತ ಪುಟವೊಂದರ ವೆಚ್ಚವನ್ನು ನೋಡುವುದು ಸರಿ. ಅರ್ಧ ಬೆಲೆಯ ಕಾರ್ಟ್ರಿಡ್ಜ್ ಹೊಸದರ ಶೇ. 70ರಷ್ಟು ಪುಟಗಳನ್ನು ಮಾತ್ರ ಕೊಟ್ಟರೆ ನಿಮಗೆ ಉಳಿಯುವುದು ಅರ್ಧವಲ್ಲ, ಸುಮಾರು ಶೇ. 29 ಮಾತ್ರ, ಪುಟಗಳೂ ಅರ್ಧಕ್ಕೆ ಇಳಿದರೆ ಏನೂ ಉಳಿಯದು. ಕಪ್ಪು-ಬಿಳುಪು ಕಾರ್ಟ್ರಿಡ್ಜ್ ಎಷ್ಟು ಪುಟ ಬರುತ್ತದೆಂದು ಅಳೆಯುವುದಕ್ಕೆ ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಎರಡೂ ಪೆಟ್ಟಿಗೆಗಳ ಮೇಲಿನ ಸಂಖ್ಯೆ ಅದೇ ಕ್ರಮದಲ್ಲಿ ಅಳೆದದ್ದಾದರೆ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ. ಕೆಟ್ಟು ಮತ್ತೆ ಮುದ್ರಿಸಿದ ಹಾಳೆಗಳನ್ನೂ ವೆಚ್ಚಕ್ಕೆ ಸೇರಿಸಿಕೊಳ್ಳಿ.

ನಿಮ್ಮದು ಪಠ್ಯ ಮತ್ತು ಅಂಕಿಗಳ ಕೆಲಸವಾದ್ದರಿಂದ, ಡ್ರಮ್ ಬದಲಾಯಿಸಿದ, ದೋಷ ಕಂಡರೆ ಬದಲಿ ಕೊಡುವ ಭರವಸೆಯಿರುವ ಮರುತಯಾರಿಸಿದ ಕಾರ್ಟ್ರಿಡ್ಜನ್ನೇ ನಾನು ಆರಿಸುತ್ತೇನೆ. ಇದರಿಂದ ಗಟ್ಟಿಯಾದ ಪ್ಲಾಸ್ಟಿಕ್ಕಿನ ಕವಚವೊಂದು ಒಂದೇ ಸಲ ಬಳಸಿ ಕಸಕ್ಕೆ ಹೋಗುವುದೂ ತಪ್ಪುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಮೊದಲ ಸಲ ಒಂದನ್ನು ಮಾತ್ರ ಕೊಂಡು ನೋಡಿ. ಬಣ್ಣಗಳು ಪ್ರತಿ ಬಾರಿಯೂ ಒಂದೇ ರೀತಿ ಬರಬೇಕಾದ ಕೆಲಸಕ್ಕೆ, ಹತ್ತಾರು ವರ್ಷ ಕಾಪಿಡಬೇಕಾದ ದಾಖಲೆಗಳಿಗೆ ಮಾತ್ರ ಕಂಪನಿಯ ಹೊಸ ಕಾರ್ಟ್ರಿಡ್ಜನ್ನೇ ಬಳಸಿರೆಂದು ಹೇಳುತ್ತೇನೆ. ಪ್ರಿಂಟರಿನ ವಾರಂಟಿ ಇನ್ನೂ ಇದ್ದರೆ ಅದರ ನಿಬಂಧನೆಗಳನ್ನು ಓದಿಕೊಳ್ಳಿ. ಪ್ರಿಂಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಬೇರೆಯವರ ಚಿಪ್ಪನ್ನು ಯಂತ್ರ ಒಪ್ಪದಿರುವುದೂ ಉಂಟು. ಹಾಗಾದಾಗ ಬದಲಿ ಕೊಡುವರೇ ಎಂದು ಮೊದಲೇ ಕೇಳಿಡುವುದು ಒಳ್ಳೆಯದು.

ಪ್ರಶ್ನೆ: ಮರುತಯಾರಿಸಿದ ಕಾರ್ಟ್ರಿಡ್ಜ್ ಹಾಕಿದ ಮೇಲೆ ಪ್ರತಿ ಪುಟದಲ್ಲೂ ಸಮಾನ ಅಂತರದಲ್ಲಿ ಕಪ್ಪು ಚುಕ್ಕೆ ಬರುತ್ತಿದೆ. ದೋಷ ಕಾರ್ಟ್ರಿಡ್ಜಿನದೋ, ಪ್ರಿಂಟರಿನದೋ?

ಉತ್ತರ: ಚುಕ್ಕೆಯಿಂದ ಚುಕ್ಕೆಗಿರುವ ದೂರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಸುತ್ತುವ ಭಾಗದ ಮೇಲೆ ಒಂದು ಗಾಯವಿದ್ದರೆ ಪ್ರತಿ ಸುತ್ತಿಗೂ ಅದರ ಗುರುತು ಕಾಗದದ ಮೇಲೆ ಬೀಳುತ್ತದೆ. 24 ಮಿ.ಮೀ. ವ್ಯಾಸದ ಡ್ರಮ್ಮಾದರೆ ಸುಮಾರು 75 ಮಿ.ಮೀ.ಗೊಮ್ಮೆ, 30 ಮಿ.ಮೀ.ನದಾದರೆ ಸುಮಾರು 94 ಮಿ.ಮೀ.ಗೊಮ್ಮೆ ಚುಕ್ಕೆ ಕಾಣುತ್ತದೆ. ನಿಮ್ಮ ಅಳತೆ ಡ್ರಮ್ಮಿನ ಸುತ್ತಳತೆಗೆ ಸರಿಹೊಂದಿದರೆ ಡ್ರಮ್ ಗೀಚಿಹೋಗಿದೆ ಎಂದರ್ಥ. ಆ ಹಾಳೆಯನ್ನೇ ತೋರಿಸಿ ಬದಲಿ ಕೇಳಿ. ಬೇರೆ ಕಾರ್ಟ್ರಿಡ್ಜ್ ಹಾಕಿದಾಗಲೂ ಅದೇ ಅಂತರದಲ್ಲಿ ಚುಕ್ಕೆ ಮುಂದುವರಿದರೆ ಪ್ರಿಂಟರಿನ ಫ್ಯೂಸರನ್ನು ಪರೀಕ್ಷಿಸಬೇಕಾಗುತ್ತದೆ. ಪರೀಕ್ಷಿಸುವಾಗ ಹೊರತೆಗೆದ ಕಾರ್ಟ್ರಿಡ್ಜನ್ನು ಬಿಸಿಲಿನಲ್ಲಿಡಬೇಡಿ, ಡ್ರಮ್ಮನ್ನು ಬೆರಳಿನಿಂದ ಮುಟ್ಟಬೇಡಿ. ಪುಡಿ ಬಟ್ಟೆಯ ಮೇಲೆ ಬಿದ್ದರೆ ಒಣಬಟ್ಟೆಯಿಂದ ಝಾಡಿಸಿ ತಣ್ಣೀರಿನಲ್ಲೇ ತೊಳೆಯಿರಿ. ಬಿಸಿನೀರು ಅದನ್ನು ಬಟ್ಟೆಗೆ ಅಂಟಿಸಿಬಿಡಬಹುದು.